ಯಾರ ಮನೆಯಲ್ಲೂ ಉಣ್ಣಬಾರದ ನ್ಯಾಯಾಧಿಪತಿ

ಈಗ್ಗೆ ಏಳುನೂರು ವರ್ಷಗಳ ಹಿಂದೆ ಇಟಲಿ ದೇಶದ ಊರುಗಳಲ್ಲಿ ಒಂದು ಪದ್ಧತಿ ಇತ್ತು. ನ್ಯಾಯ ಹೇಳುವುದಕ್ಕೆ, ಆಡಳಿತ ನೋಡುವುದಕ್ಕೆ ಊರಿನವನನ್ನೇ ಕೂರಿಸುತ್ತಿರಲಿಲ್ಲ. ದೂರದ ಇನ್ಯಾವುದೋ ಊರಿನಿಂದ, ಯಾರಿಗೂ ನೆಂಟನಲ್ಲದ, ಯಾರಿಗೂ ಗೆಳೆಯನಲ್ಲದ, ಕಾಯಿದೆ ಬಲ್ಲ ಒಬ್ಬನನ್ನು ಒಂದು ವರ್ಷದ ಮಟ್ಟಿಗೆ ಕರೆಸಿಕೊಳ್ಳುತ್ತಿದ್ದರು. ಅವನಿಗೆ ಪೊದೆಸ್ತಾ ಎಂದು ಹೆಸರು. ನಾವು ಸುಮ್ಮನೆ ನ್ಯಾಯಾಧಿಪತಿ ಎನ್ನೋಣ.

ಊರಿನಲ್ಲಿ ಬುದ್ಧಿವಂತರಿಗೆ ಬರಗಾಲವಿತ್ತೇ ಎಂದು ನೀವು ಕೇಳಬಹುದು. ಬುದ್ಧಿವಂತರು ಬೇಕಾದಷ್ಟಿದ್ದರು. ಆದರೆ ಪ್ರತಿ ಊರಿನಲ್ಲೂ ಎರಡು ಮೂರು ದೊಡ್ಡ ಮನೆತನಗಳು ಹಾವು ಮುಂಗುಸಿಯ ಹಾಗೆ ಬದುಕುತ್ತಿದ್ದವು. ಒಂದು ಮನೆಯವನು ಪೀಠದಲ್ಲಿ ಕೂತರೆ ಇನ್ನೊಂದು ಮನೆಯವನು ಕತ್ತಿ ಹಿರಿಯುತ್ತಿದ್ದ. ಆದ್ದರಿಂದ ಹೊರಗಿನವನೇ ಬರಲಿ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಬಂದವನಿಗೆ ಕಟ್ಟುಪಾಡುಗಳು ಬಹಳ. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಊರಿನಲ್ಲಿ ಗೆಳೆತನ ಬೆಳೆಸುವಂತಿಲ್ಲ. ಯಾರ ಮನೆಯಲ್ಲೂ ಒಂದು ತುತ್ತು ಉಣ್ಣುವಂತಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮಲ್ಲಿ ಗಾದೆಯೇ ಇದೆಯಲ್ಲ. ನ್ಯಾಯಾಧಿಪತಿಯ ಕೆಲಸವೇ ಎಲ್ಲರ ಮನೆಯ ಜಂತೆ ಎಣಿಸುವುದು. ಹಾಗಾಗಿ ಅವನು ಎಲ್ಲಿಯೂ ಉಣ್ಣದಿರುವುದೇ ಒಳ್ಳೆಯದು ಎಂದು ಆ ಜನ ತೀರ್ಮಾನಿಸಿದ್ದರು. ನಮ್ಮ ಕಡೆ ಇಂಥ ಕಾಯಿದೆ ಬಂದರೆ ಚುನಾವಣೆಗೆ ನಿಲ್ಲುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೋ ಏನೋ!

ಇಷ್ಟೇ ಅಲ್ಲ. ವರ್ಷ ಮುಗಿದ ಮೇಲೆ ಅವನು ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುವಂತಿರಲಿಲ್ಲ. ಹತ್ತು ದಿನ ಊರಿನ ಚೌಕದಲ್ಲಿ ಬಂದು ಕೂರಬೇಕು. ಅವನಿಂದ ಅನ್ಯಾಯವಾಯಿತು ಎನ್ನುವವರು ಯಾರು ಬೇಕಾದರೂ ಎದುರಿಗೆ ನಿಂತು ಹೇಳಬಹುದು. ಹತ್ತನೆಯ ದಿನ ಊರ ಹಿರಿಯರು ಧರ್ಮಗ್ರಂಥದ ಮೇಲೆ ಕೈ ಇಡಿಸಿ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಅದರಲ್ಲಿ ಗೆದ್ದರೆ ಅವನಿಗೆ ಮರ್ಯಾದೆಯ ಬೀಳ್ಕೊಡುಗೆ, ಇನ್ನೊಂದು ಊರಿನಿಂದ ಕರೆ. ಸೋತರೆ ಅವನನ್ನು ಮತ್ತೆ ಯಾವ ಊರೂ ಕರೆಯುತ್ತಿರಲಿಲ್ಲ.

ಪಿಯೆತ್ರಾಲ್ತ ಎಂಬ ಊರಿಗೆ ಹೀಗೆ ಬಂದವನು ರನಿಯೇರಿ. ವಯಸ್ಸು ನಲವತ್ತೆಂಟು. ದೂರದ ಬೆಟ್ಟದ ಹಳ್ಳಿಯವನು. ತಿಳುವಳಿಕಸ್ಥ, ಮಾತು ಕಡಿಮೆ, ಕೈ ಶುದ್ಧ. ಬಂದ ಹೊಸದರಲ್ಲಿ ಶ್ರೀಮಂತರು ಅವನನ್ನು ಪರೀಕ್ಷೆ ಮಾಡಿದರು. ಒಬ್ಬ ಹುರಿದ ಕವುಜುಗದ ಹಕ್ಕಿ ಕಳಿಸಿದ, ಮತ್ತೊಬ್ಬ ದ್ರಾಕ್ಷಿ ಮದ್ಯದ ಪೀಪಾಯಿ ಕಳಿಸಿದ. ಎಲ್ಲವೂ ಬಂದ ದಾರಿಯಲ್ಲೇ ವಾಪಸು ಹೋದವು. ಜತೆಗೆ ಕರೆತಂದಿದ್ದ ಅಡಿಗೆಯವನು ಮಾಡಿ ಹಾಕಿದ್ದನ್ನೇ ರನಿಯೇರಿ ಉಣ್ಣುತ್ತಿದ್ದ. ಆ ಅಡಿಗೆಯವನೋ, ನೀರನ್ನೂ ಸೀಯಿಸುವಂಥ ಗಟ್ಟಿಗ. ಆದರೂ ರನಿಯೇರಿ ತುಟಿ ಪಿಟಕ್ಕೆನ್ನಲಿಲ್ಲ. ಊರಿನವರಿಗೆ ಅವನ ಮೇಲೆ ಗೌರವ ಹುಟ್ಟಿತು.

ಹೊಟ್ಟೆಯನ್ನು ಹೀಗೆ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ನೆನಪನ್ನು ಹಿಡಿಯುವುದು ಕಷ್ಟ.

ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ರನಿಯೇರಿ ಒಬ್ಬನೇ ಊರಿನ ಹಿಂಬದಿಯ ಓಣಿಯಲ್ಲಿ ನಡೆದು ಬರುತ್ತಿದ್ದ. ಒಂದು ಹಿತ್ತಲಿನ ಕಡೆಯಿಂದ ವಾಸನೆ ಬಂತು. ಅವನ ಕಾಲು ತಾನಾಗಿ ನಿಂತುಬಿಟ್ಟಿತು.

ಅದು ಚೆಸ್ಟ್‌ನಟ್ ಹಿಟ್ಟಿನ ರೊಟ್ಟಿಯ ವಾಸನೆ. ಚೆಸ್ಟ್‌ನಟ್ ಎಂದರೆ ಆ ಬೆಟ್ಟಗಳಲ್ಲಿ ಬೆಳೆಯುವ ಕಾಯಿ. ನಾವು ಹಲಸಿನ ಬೀಜವನ್ನು ಸುಟ್ಟು, ಬೇಯಿಸಿ ತಿನ್ನುವ ಹಾಗೆ ಅವರು ಅದನ್ನು ತಿನ್ನುತ್ತಾರೆ. ಗೋಧಿ ಬೆಳೆಯದ ಬಡ ಬೆಟ್ಟದವರು ಅದನ್ನೇ ಒಣಗಿಸಿ, ಬೀಸಿ, ರೊಟ್ಟಿ ಮಾಡುತ್ತಿದ್ದರು. ಪಿಯೆತ್ರಾಲ್ತದ ಗೋಧಿ ಜನ ಅದನ್ನು ಹಂದಿಯ ಮೇವು ಎಂದು ಆಡಿಕೊಳ್ಳುತ್ತಿದ್ದರು.

ರನಿಯೇರಿಯ ತಾಯಿ ಚಳಿಗಾಲವಿಡೀ ಅದೇ ರೊಟ್ಟಿ ಸುಡುತ್ತಿದ್ದಳು. ಕಾಯಿಸಿದ ಎರಡು ಮಣ್ಣಿನ ಬಿಲ್ಲೆಗಳ ನಡುವೆ ಚೆಸ್ಟ್‌ನಟ್ ಮರದ ಎಲೆ ಹಾಸಿ, ಹಿಟ್ಟು ಹೊಯ್ದು, ಮೇಲೊಂದು ಎಲೆ ಮುಚ್ಚಿ ಬೇಯಿಸುವುದು. ಬೆಂದ ಮೇಲೆ ಎಲೆ ಬಿಡಿಸಿದರೆ ಅದರ ನರನರವೂ ರೊಟ್ಟಿಯ ಮೇಲೆ ಮೂಡಿರುತ್ತಿತ್ತು. ನರ ಚೆನ್ನಾಗಿ ಮೂಡಿದ ರೊಟ್ಟಿ ತನಗೇ ಬೇಕೆಂದು ರನಿಯೇರಿ ತಂಗಿಯರ ಜತೆ ಕಿತ್ತಾಡುತ್ತಿದ್ದ. ತಾಯಿ ಅಂಥದ್ದನ್ನು ಮೊದಲೇ ಸೆರಗಿನಲ್ಲಿ ಮುಚ್ಚಿಟ್ಟಿದ್ದು, ಅವನು ಕುರಿ ಹೊಡೆದುಕೊಂಡು ಬಂದ ಮೇಲೆ ಮೆಲ್ಲಗೆ ಕೈಗಿಡುತ್ತಿದ್ದಳು. ಆಮೇಲೆ ಅವನು ಕಾಯಿದೆ ಓದಲು ಬೊಲೋನ್ಯ ಪಟ್ಟಣಕ್ಕೆ ಹೋದ. ಎರಡನೆಯ ವರ್ಷ ತಾಯಿಗೆ ಜ್ವರ ಎಂಬ ಸುದ್ದಿ ಬಂತು. ಹಿಮ ಬಿದ್ದು ದಾರಿ ಕಟ್ಟಿತ್ತು. ಅವನು ಊರು ಮುಟ್ಟುವಾಗ ಮಣ್ಣು ಮಾಡಿ ಹನ್ನೊಂದು ದಿನ ಕಳೆದಿತ್ತು.

ಎಲ್ಲೋ ಯಾರದೋ ಮನೆಯಿಂದ ಅಮ್ಮನ ಕೈ ಒಗ್ಗರಣೆಯ ವಾಸನೆ ಬಂದು ಕಣ್ಣು ತುಂಬಿಕೊಂಡವರಿಗೆ ರನಿಯೇರಿಯ ಆಗಿನ ಅವಸ್ಥೆ ನಾನು ವಿವರಿಸಬೇಕಾಗಿಲ್ಲ.

ಅವನು ಹಿತ್ತಲಿನ ಬಾಗಿಲು ತಳ್ಳಿದ. ಒಳಗೆ ಕಲ್ಲಿನ ಗೂಡೊಲೆ. ಅದರ ಮುಂದೆ ಸುಮಾರು ಅರವತ್ತರ ಹೆಂಗಸೊಬ್ಬಳು ಕೂತಿದ್ದಳು. ಹೆಸರು ಬೆನ್ವೆನೂತ. ಗಂಡ ತೀರಿಕೊಂಡವಳು. ಓಣಿಯವರ ಹಿಟ್ಟನ್ನೆಲ್ಲ ಈ ಗೂಡೊಲೆಯಲ್ಲಿ ಸುಟ್ಟುಕೊಟ್ಟು ಬದುಕುತ್ತಿದ್ದಳು. ನ್ಯಾಯಾಧಿಪತಿಯ ಕೆಂಪು ನಿಲುವಂಗಿ ಕಂಡದ್ದೇ ಅವಳು ಗಾಬರಿಯಾಗಿ ಎದ್ದು ನಿಂತಳು.

"ಏನಾಯ್ತು ಸ್ವಾಮಿ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲಮ್ಮ. ಇದು... ಎಲೆ ರೊಟ್ಟಿ ಅಲ್ಲವಾ?"

ಅವಳ ಮುಖ ಅರಳಿತು. "ನೀವೂ ಬೆಟ್ಟದ ಕಡೆಯವರಾ! ನಾನು ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷ ಆಯ್ತು. ಇಲ್ಲಿಯವರು ಇದನ್ನ ಮೂಸಿಯೂ ನೋಡಲ್ಲ. ಭಾನುವಾರ ಒಂದು ದಿನ ನನಗೋಸ್ಕರ ಮಾಡ್ಕೋತೀನಿ." ಆಮೇಲೆ ಅವಳಿಗೆ ಏನೋ ನೆನಪಾಗಿ ದನಿ ಇಳಿಸಿದಳು. "ಕೂತ್ಕೊಳಿ ಅನ್ನೋ ಹಾಗೂ ಇಲ್ಲವಲ್ಲ ಸ್ವಾಮಿ. ನಿಮಗೆ ಕಟ್ಟುಪಾಡು."

ಆ ಕ್ಷಣದಲ್ಲಿ ಅವನು ತಿರುಗಿ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವಳು ರೊಟ್ಟಿಯ ಮೇಲಿನ ಎಲೆ ಬಿಡಿಸುತ್ತಿದ್ದಳು. ನರಗಳು ಒಂದೊಂದೂ ಮೂಡಿದ್ದವು. ರನಿಯೇರಿ ಅಲ್ಲೇ ಇದ್ದ ಮರದ ಕೊರಡಿನ ಮೇಲೆ ಕೂತುಬಿಟ್ಟ.

"ಕೊಡಕ್ಕಾ," ಎಂದ. "ಇದಕ್ಕೆ ಯಾರು ಊಟ ಅಂತಾರೆ? ನಿನ್ನದು ಯಾವ ವ್ಯಾಜ್ಯವೂ ನನ್ನ ಮುಂದಿಲ್ಲ. ಇದರಿಂದ ಯಾರಿಗೆ ಏನು ಕೆಟ್ಟದ್ದಾಗುತ್ತೆ?"

ತಿಂದ. ಕಣ್ಣು ಒರೆಸಿಕೊಂಡ. ಬೆನ್ವೆನೂತ ಕಂಡೂ ಕಾಣದವಳ ಹಾಗೆ ಬೆಂಕಿ ಕೆದಕುತ್ತ ಕೂತಳು. ಇದೊಂದು ಸಲ ಎಂದುಕೊಂಡೇ ಅವನು ಹೊರಗೆ ಬಂದ. ಆದರೆ ಒಂದು ಸಲ ಎಂಬುದು ಎಂದಾದರೂ ಒಂದಕ್ಕೆ ನಿಂತಿದ್ದುಂಟೇ? ಆ ಚಳಿಗಾಲ ಮುಗಿಯುವುದರೊಳಗೆ ನಾಲ್ಕು ಸಲ ಆಯಿತು. ಅವಳು ಬೆಟ್ಟದ ಹಾಡು ಹೇಳುತ್ತಿದ್ದಳು. ಅವನು ತನ್ನ ಊರಿನಲ್ಲಿ ಕಾಯಿ ಒಣಗಿಸುವ ಹೊಗೆಗುಡಿಸಲಿನ ಸುದ್ದಿ ಹೇಳುತ್ತಿದ್ದ. ಇಬ್ಬರಿಗೂ ಆ ಹೊತ್ತಿನಲ್ಲಿ ಪಿಯೆತ್ರಾಲ್ತ ಮರೆತೇ ಹೋಗುತ್ತಿತ್ತು. ಯಾರೂ ನೋಡಲಿಲ್ಲ.

ವಸಂತ ಬಂತು. ಬೆನ್ವೆನೂತಳ ಪಕ್ಕದ ಮನೆಯ ಲಾಪೊ ಎಂಬ ಉಣ್ಣೆಬಟ್ಟೆ ವ್ಯಾಪಾರಿ ದೂರು ತಂದ. ಆ ಹಿತ್ತಲು ನನ್ನ ಅಜ್ಜನದು, ಒಗೆದ ಬಟ್ಟೆ ಎಳೆದು ಒಣಗಿಸಲು ನನಗೆ ಬೇಕು, ಅವಳ ಗೂಡೊಲೆ ಕೀಳಿಸಿಕೊಡಿ ಎಂದ.

ಈ ವ್ಯಾಜ್ಯ ನಾನು ಕೇಳುವಂತಿಲ್ಲ ಎಂದು ರನಿಯೇರಿ ಎದ್ದು ನಿಲ್ಲಬಹುದಾಗಿತ್ತು. ಆದರೆ ಯಾಕೆ ಎಂದು ಕೇಳುತ್ತಾರೆ. ಹೇಳಿದರೆ ಮಾನ ಹೋಗುತ್ತದೆ. ನಾನು ನ್ಯಾಯವನ್ನೇ ಹೇಳುತ್ತೇನೆ, ಇನ್ನೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ವ್ಯಾಜ್ಯ ಕೇಳಿದ.

ಕೇಳಿದ್ದೂ ಸರಿಯಾಗಿಯೇ ಕೇಳಿದ. ಬೆನ್ವೆನೂತಳನ್ನು ಕಟುವಾಗಿಯೇ ಪ್ರಶ್ನಿಸಿದ. ಗಾರೆ ಕೆಲಸದ ಮುದುಕನೊಬ್ಬನನ್ನು ಕರೆಸಿ ಗೋಡೆ ತೋರಿಸಿದ. "ಇವಳ ಮನೆ ಗೋಡೆ, ಗೂಡೊಲೆ ಎರಡೂ ಒಂದೇ ಕೈಯಲ್ಲಿ ಕಟ್ಟಿದ್ದು. ಕಲ್ಲಿಗೆ ಕಲ್ಲು ಹೆಣೆದಿದೆ. ಲಾಪೊನ ಗೋಡೆ ಆಮೇಲೆ ಬಂದು ಇದಕ್ಕೆ ಒರಗಿದೆ," ಎಂದು ಮುದುಕ ಹೇಳಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಹಿತ್ತಲು ಬೆನ್ವೆನೂತಳದೇ ಎಂದು ತೀರ್ಪಾಯಿತು. ದೇವರೇ ಬಂದು ಕೂತಿದ್ದರೂ ಅದೇ ತೀರ್ಪು ಕೊಡುತ್ತಿದ್ದ.

ವರ್ಷ ಮುಗಿಯಿತು. ರನಿಯೇರಿ ಚೌಕದಲ್ಲಿ ಬಂದು ಕೂತ. ಒಂದು ದಿನ, ಎರಡು ದಿನ, ಎಂಟು ದಿನ. ಸಣ್ಣಪುಟ್ಟ ಗೊಣಗಾಟ ಬಿಟ್ಟರೆ ಯಾರೂ ದೂರು ಹೇಳಲಿಲ್ಲ. ಲಾಪೊನೂ ದೂರದಿಂದ ಕೆಕ್ಕರಿಸಿ ನೋಡಿ ಹೋದ. ಇಂಥ ನ್ಯಾಯಾಧಿಪತಿ ನಮಗೆ ಹಿಂದೆ ಸಿಕ್ಕಿರಲಿಲ್ಲ ಎಂದು ಹಿರಿಯರು ಮಾತಾಡಿಕೊಂಡರು. ಪಕ್ಕದ ದೊಡ್ಡ ಪಟ್ಟಣವೊಂದರಿಂದ ಅವನನ್ನು ಕರೆಯಲು ಆಗಲೇ ದೂತರು ಬಂದು ಛತ್ರದಲ್ಲಿ ಇಳಿದುಕೊಂಡಿದ್ದರು.

ಒಂಬತ್ತನೆಯ ದಿನ ಬೆಳಿಗ್ಗೆ ಬೆನ್ವೆನೂತ ರೊಟ್ಟಿ ಬುಟ್ಟಿ ಹೊತ್ತುಕೊಂಡು ಚೌಕಕ್ಕೆ ಬಂದಳು. ಅವನ ಮುಂದೆ ಹಾದು ಹೋಗುವಾಗ ಬುಟ್ಟಿ ಸರಿಮಾಡಿಕೊಳ್ಳುವವಳ ಹಾಗೆ ನಿಂತಳು.

"ನಾಳೆ ಕೇಳ್ತಾರಂತೆ, ಯಾರ ಮನೇಲಾದ್ರೂ ಉಂಡಿದೀರಾ ಅಂತ. ಇಲ್ಲ ಅಂದ್ಬಿಡಿ. ನಾನು ಸತ್ತರೂ ಬಾಯಿ ಬಿಡಲ್ಲ. ಹೌದು ಅಂದ್ರೆ ನೀವೂ ಕೆಡ್ತೀರಿ, ನನ್ನ ಗೂಡೊಲೆಯೂ ಹೋಗುತ್ತೆ," ಎಂದು ಪಿಸುಗುಟ್ಟಿದಳು. ಅವನ ಮುಖ ನೋಡದೆ ಹೊರಟುಹೋದಳು.

ಅವಳು ಹೇಳಿದ್ದು ನಿಜ. ಉಂಡದ್ದು ಗೊತ್ತಾದರೆ ಆ ಮನೆಗೆ ಸಂಬಂಧಪಟ್ಟ ತೀರ್ಪು ಬಿದ್ದುಹೋಗುತ್ತದೆ ಎಂದು ಊರಿನ ಕಟ್ಟಳೆ ಇತ್ತು. ರನಿಯೇರಿಯ ಮನಸ್ಸು ವಕೀಲಿ ಶುರು ಮಾಡಿತು. ತೀರ್ಪು ಸರಿ ಇದೆ. ನಿಜ ಹೇಳಿದರೆ ಒಬ್ಬ ಬಡ ಹೆಂಗಸಿಗೆ ಅನ್ಯಾಯ. ಸುಳ್ಳು ಹೇಳಿದರೆ ಯಾರಿಗೂ ನಷ್ಟವಿಲ್ಲ. ಹಾಗಾದರೆ ಸುಳ್ಳೇ ಧರ್ಮವಲ್ಲವೇ? ಮಧ್ಯಾಹ್ನದ ಹೊತ್ತಿಗೆ ಇಲ್ಲ ಎಂದೇ ಹೇಳುವುದು ಎಂದು ಗಟ್ಟಿಮಾಡಿಕೊಂಡ. ಮನಸ್ಸೂ ಸ್ವಲ್ಪ ಹಗುರವಾಯಿತು.

ಅಷ್ಟರಲ್ಲಿ ನೂಚ್ಚೊ ಬಂದ. ಕುದುರೆಗಳಿಗೆ ಲಾಳ ಕಟ್ಟುವ ಆಳು. ವರ್ಷದ ಮೊದಲಲ್ಲಿ ತಂದೆಯ ಕುಲುಮೆಗಾಗಿ ತಮ್ಮನ ಜತೆ ವ್ಯಾಜ್ಯ ಆಡಿ ರನಿಯೇರಿಯ ಮುಂದೆ ಸೋತಿದ್ದ. ಈಗ ಇನ್ನೊಬ್ಬರ ಕುಲುಮೆಯಲ್ಲಿ ಕೂಲಿ ಮಾಡುತ್ತಿದ್ದ. ಸುತ್ತ ಇದ್ದವರು, ಇವನು ಬೈಯುವುದಕ್ಕೇ ಬಂದ ಎಂದು ಕುತೂಹಲದಿಂದ ಕತ್ತು ಚಾಚಿದರು. ನೂಚ್ಚೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ದೂರು ಹೇಳೋಕೆ ಬರಲಿಲ್ಲ ಸ್ವಾಮಿ. ನೀವು ಹೋಗೋ ಮುಂಚೆ ಒಂದು ಮಾತು ಹೇಳಬೇಕಿತ್ತು. ಕುಲುಮೆ ತಮ್ಮನ ಪಾಲಾದಾಗ ಮೂರು ದಿನ ನನಗೆ ಊಟ ಸೇರಲಿಲ್ಲ. ಅವನನ್ನ ಕೊಂದೇಬಿಡಬೇಕು ಅನ್ನಿಸ್ತಿತ್ತು. ಆಗ ನನ್ನ ಹೆಂಡತಿ ಅಂದ್ಲು, 'ಆ ಮನುಷ್ಯ ಈ ಊರಲ್ಲಿ ಯಾರ ಮನೆ ಉಪ್ಪೂ ತಿಂದಿಲ್ಲ. ನಿನ್ನ ತಮ್ಮನದೂ ತಿಂದಿಲ್ಲ, ನಿಂದೂ ತಿಂದಿಲ್ಲ. ಅವನು ಹೇಳಿದ್ದು ಸರಿಯಾಗೇ ಇರಬೇಕು ಕಣೋ.' ಹೌದಲ್ಲ ಅನ್ನಿಸ್ತು. ಆವತ್ತು ನಿದ್ದೆ ಬಂತು. ಈಗ ತಮ್ಮನ ಜತೆ ಮಾತೂ ಆಡ್ತಿದೀನಿ. ಅಷ್ಟೇ ಸ್ವಾಮಿ. ಒಳ್ಳೇದಾಗಲಿ."

ನೂಚ್ಚೊ ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋದ. ಇಡೀ ವರ್ಷ ತಾನು ಓದಿದ ಕಾಯಿದೆಯ ಬಲದಿಂದ, ಬುದ್ಧಿಯ ಬಲದಿಂದ ಊರು ಶಾಂತವಾಗಿದೆ ಎಂದು ರನಿಯೇರಿ ತಿಳಿದಿದ್ದ. ಇವನು ಯಾರ ಮನೆಯಲ್ಲೂ ಉಂಡಿಲ್ಲ ಎಂಬ ಒಂದು ನಂಬಿಕೆಯಿಂದ ಸೋತವರು ಸುಮ್ಮನಿದ್ದಾರೆ ಎಂಬುದು ಅವನಿಗೆ ಈಗ ತಿಳಿಯಿತು. ಆ ನಂಬಿಕೆಗೆ ತಾನು ಸುಳ್ಳಿನ ತೇಪೆ ಹಾಕಲು ಹೊರಟಿದ್ದ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಹತ್ತನೆಯ ದಿನ ಚೌಕದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಊರ ಹಿರಿಯ ಒಂದೊಂದೇ ಪ್ರಶ್ನೆ ಕೇಳುತ್ತ ಬಂದ. ಲಂಚ ತೆಗೆದುಕೊಂಡಿರಾ? ಇಲ್ಲ. ನೆಂಟರನ್ನು ಕರೆಸಿದಿರಾ? ಇಲ್ಲ.

"ಈ ಊರಿನಲ್ಲಿ ಯಾರ ಮನೆಯಲ್ಲಾದರೂ ಉಂಡಿರಾ?"

ಇದೂ ಇಲ್ಲ ಎಂದೇ ಆಗುತ್ತದೆ ಎಂದುಕೊಂಡು ಹಿರಿಯ ಮುಂದಿನ ಪ್ರಶ್ನೆಗೆ ಬಾಯಿ ತೆರೆದಿದ್ದ.

"ಉಂಡಿದ್ದೇನೆ," ಎಂದ ರನಿಯೇರಿ. "ಬೆನ್ವೆನೂತಮ್ಮನ ಹಿತ್ತಲಿನಲ್ಲಿ ನಾಲ್ಕು ಸಲ ರೊಟ್ಟಿ ತಿಂದೆ. ಅವಳು ಬೇಡ ಎಂದಳು. ನಾನೇ ಕೇಳಿ ತಿಂದೆ. ಆಮೇಲೆ ಅವಳ ವ್ಯಾಜ್ಯಕ್ಕೆ ನಾನು ಕೂರಬಾರದಾಗಿತ್ತು, ಕೂತೆ. ಬೇರೆ ಯಾರ ಮನೆಯಲ್ಲೂ ಒಂದು ತೊಟ್ಟು ನೀರು ಕುಡಿದಿಲ್ಲ. ಇದನ್ನು ನಾನೇ ಹೇಳುತ್ತಿದ್ದೇನೆ, ಹಾಗಾಗಿ ಉಳಿದದ್ದನ್ನು ನೀವು ನಂಬಬಹುದು."

ಚೌಕದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. "ನಾನು ಆಗಲೇ ಅಂದುಕೊಂಡೆ! ರೊಟ್ಟಿಗೆ ತೀರ್ಪು ಮಾರಿಕೊಂಡ!" ಎಂದು ಲಾಪೊ ಕೂಗಿದ. ಗೋಡೆ ನೋಡಿ ಹೇಳಿದ್ದ ಗಾರೆ ಕೆಲಸದ ಮುದುಕ, ನಾನು ಹೇಳಿದ್ದು ಸುಳ್ಳಲ್ಲ ಎಂದು ಬಡಿದುಕೊಂಡ. ಅವನ ಮಾತು ಯಾರಿಗೂ ಬೇಕಾಗಿರಲಿಲ್ಲ. ಛತ್ರದಲ್ಲಿದ್ದ ದೂತರು ಹೇಳದೆ ಕೇಳದೆ ಕುದುರೆ ಹತ್ತಿದರು.

ತೀರ್ಪು ಬಿದ್ದುಹೋಯಿತು. ಹೊಸ ನ್ಯಾಯಾಧಿಪತಿ ಬಂದು ಮತ್ತೆ ವಿಚಾರಿಸುವ ತನಕ ಗೂಡೊಲೆ ಹಚ್ಚುವಂತಿಲ್ಲ ಎಂದು ಹಿರಿಯರು ಅದರ ಬಾಯಿಗೆ ಹಲಗೆ ಜಡಿದು ಅರಗಿನ ಮುದ್ರೆ ಒತ್ತಿದರು. ರನಿಯೇರಿ ಹೊರಡುವ ಮುನ್ನ ಆ ಹಿತ್ತಲಿನ ಬಾಗಿಲಿಗೆ ಹೋದ. ಒಳಗೆ ಕಾಲಿಡಲಿಲ್ಲ. ಬೆನ್ವೆನೂತ ಹೊಸ್ತಿಲ ಈಚೆಗೆ ಬಂದು ನಿಂತಳು.

"ನನ್ನನ್ನ ಕ್ಷಮಿಸು ಅಂತ ಕೇಳೋ ಯೋಗ್ಯತೆಯೂ ನನಗಿಲ್ಲ," ಎಂದ.

ಅವಳಿಗೆ ಸಿಟ್ಟು ಬಂದಿತ್ತು. ಅದನ್ನು ಮುಚ್ಚಿಡಲಿಲ್ಲ. "ಒಂದು ಸುಳ್ಳು ಹೇಳಿದ್ರೆ ನನ್ನ ಒಲೆ ಉರೀತಿತ್ತು. ಈ ವಯಸ್ಸಲ್ಲಿ ಕೂಲಿಗೆ ಹೋಗಬೇಕು ನಾನು." ಆಮೇಲೆ, "ಹೋಗಿ ಬನ್ನಿ ಸ್ವಾಮಿ," ಎಂದು ಬಾಗಿಲು ಹಾಕಿಕೊಂಡಳು.

ರನಿಯೇರಿ ಬೆಟ್ಟದ ತನ್ನ ಹಳ್ಳಿಗೆ ಮರಳಿದ. ಹೆಂಡತಿ ಏನೂ ಕೇಳದೆ ಬಿಸಿನೀರು ಕಾಯಿಸಿಕೊಟ್ಟಳು. ಯಾವ ಊರಿನಿಂದಲೂ ಅವನಿಗೆ ಮತ್ತೆ ಕರೆ ಬರಲಿಲ್ಲ. ಅಪ್ಪನ ಕಾಲದ ಕುರಿಗಳನ್ನು ನೋಡಿಕೊಂಡು, ಹಳ್ಳಿಯವರಿಗೆ ಕಾಗದ ಪತ್ರ ಬರೆದುಕೊಟ್ಟುಕೊಂಡು ಇದ್ದ. ಅದಕ್ಕಾಗಿ ಅವನು ಎಂದೂ ಕೊರಗಲಿಲ್ಲ. ಕೊರಗಿದ್ದೆಲ್ಲ ಆ ಹಲಗೆ ಜಡಿದ ಗೂಡೊಲೆಗಾಗಿ. ಪಿಯೆತ್ರಾಲ್ತದ ಕಡೆಯಿಂದ ಹೇಸರಗತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಬರುವವನೊಬ್ಬನಿದ್ದ. ಅವನು ಬಂದಾಗಲೆಲ್ಲ ರನಿಯೇರಿ ಓಡಿಹೋಗಿ, "ವ್ಯಾಜ್ಯ ಏನಾಯ್ತು?" ಎಂದು ಕೇಳುತ್ತಿದ್ದ. ಇನ್ನೂ ನಡೀತಿದೆ ಎಂಬ ಉತ್ತರವೇ ಬರುತ್ತಿತ್ತು.

ಒಂದು ದಿನ ಉಪ್ಪಿನವನು ದೂರದಿಂದಲೇ ಕೈ ಬೀಸಿದ.

"ಗೆದ್ದಳು ಸ್ವಾಮಿ, ಆ ಅಮ್ಮ ಗೆದ್ದಳು! ಹೊಸ ನ್ಯಾಯಾಧಿಪತಿಯೂ ಅದೇ ಮುದುಕನನ್ನ ಕರೆಸಿ, ಅದೇ ಗೋಡೆ ನೋಡಿ, ನೀವು ಹೇಳಿದ್ದನ್ನೇ ಹೇಳಿದ. ಒಂದು ಮಾತೂ ಆಚೀಚೆ ಇಲ್ಲ. ಲಾಪೊ ಈ ಸಲ ಉಸಿರೆತ್ತಲಿಲ್ಲ. ಊರೇ ಸುಮ್ಮನಾಯ್ತು."

ರನಿಯೇರಿ ದೇವರಿಗೆ ಕೈ ಮುಗಿದ. ಆಮೇಲೆ ಹೆದರುತ್ತ ಕೇಳಿದ: "ಅವಳು ಹೇಗಿದ್ದಾಳೆ?"

ಉಪ್ಪಿನವನ ದನಿ ತಗ್ಗಿತು. "ಎಂಟು ತಿಂಗಳು ಉಣ್ಣೆ ತೊಳೆಯೋ ಕೂಲಿಗೆ ಹೋದಳಲ್ಲ, ಹೊಳೆಯ ತಣ್ಣೀರಲ್ಲಿ. ಬೆರಳು ಸೆಟೆದುಕೊಂಡಿವೆ. ಹಿಟ್ಟು ನಾದೋಕೆ ಈಗ ಆಗಲ್ಲ. ಗೂಡೊಲೆ ಅವಳದೇ. ಆದರೆ ಸುಡೋಳು ಬೇರೆ ಹೆಂಗಸು. ಅವಳು ಪಕ್ಕದಲ್ಲಿ ಕೂತು ನೋಡ್ತಾಳೆ."

ರನಿಯೇರಿ ಮುಖ ತಿರುಗಿಸಿಕೊಂಡ. ಉಪ್ಪಿನವನಿಗೆ ಅಯ್ಯೋ ಅನ್ನಿಸಿತು. "ನೀವ್ಯಾಕೆ ನೊಂದುಕೋತೀರಿ ಸ್ವಾಮಿ? ನಿಮ್ಮ ತೀರ್ಪು ಸರಿಯಾಗೇ ಇತ್ತು ಅಂತ ಈಗ ಊರಿಗೆಲ್ಲ ಗೊತ್ತಾಯ್ತಲ್ಲ," ಎಂದ.

"ತೀರ್ಪು ಸರಿಯಿತ್ತಪ್ಪ," ಎಂದ ರನಿಯೇರಿ. "ಅದನ್ನ ಕೊಟ್ಟವನು ಸರಿಯಿರಲಿಲ್ಲ. ಅದಕ್ಕೇ ಆ ತೀರ್ಪು ಅವಳನ್ನ ಕಾಪಾಡಲಿಲ್ಲ."

ನೀತಿ: ನ್ಯಾಯ ಹೇಳುವವನ ಮೇಲೆ ಸೋತವನಿಗೂ ನಂಬಿಕೆ ಇರಬೇಕು. ಆ ನಂಬಿಕೆ ಕೆಟ್ಟರೆ ಸರಿಯಾದ ತೀರ್ಪೂ ನಿಲ್ಲುವುದಿಲ್ಲ. ಇದೊಂದು ಸಣ್ಣ ತಪ್ಪು, ಯಾರಿಗೂ ಕೇಡಿಲ್ಲ ಎಂದು ನಿಯಮ ಮೀರಿದರೆ, ಅದರ ಕಷ್ಟ ನಮ್ಮನ್ನು ಪ್ರೀತಿಯಿಂದ ಕಂಡವರ ಮೇಲೇ ಬಂದು ಬೀಳುತ್ತದೆ.